ಜುನಾ ಬಾಜಾರಿನಲ್ಲಿ ಸಿಕ್ಕ ಹಿತ್ತಾಳೆ ತೋಪು: ಮದ್ದು ತುಂಬಿ ಹಾರಿಸಬಹುದೇ?

ಕೋಥ್ರೂಡ್ ಕನ್ನಡಿಗ (ಸೋಮವಾರ, ರಾತ್ರಿ 9.40)
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು, ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ನಿನ್ನೆ ಭಾನುವಾರ, ಇಲ್ಲಿನ ‘ಮಂಗಳವಾರ ಪೇಟೆ’ ಎಂಬ ಬಡಾವಣೆಯ ಹಳೇ ಸಾಮಾನಿನ ಸಂತೆ ಜುನಾ ಬಾಜಾರಿಗೆ ಹಳೇ ಸೈಕಲ್ಲಿನ ಡೈನಮೋ ಹುಡುಕಿಕೊಂಡು ಹೋಗಿದ್ದೆ. ಡೈನಮೋ ಸಿಗಲಿಲ್ಲ, ತೋಪು ಸಿಕ್ಕಿತು! ಒಂದು ಅಡಿಗಿಂತ ಸ್ವಲ್ಪ ಉದ್ದ, ಹಿತ್ತಾಳೆಯದು, ಬಾಯಿಯಲ್ಲಿ ಹೆಬ್ಬೆರಳು ಸಲೀಸಾಗಿ ತೂರುತ್ತದೆ. ಮರದ ಗಾಡಿ, ಎರಡು ಚಕ್ರ. ಮಾರುವವನು ‘ಪೇಶವೆ ಕಾಲದ್ದು ಸಾಹೇಬ್’ ಎಂದ. ನಂಬಲಿಲ್ಲ, ಆದರೆ ದುಡ್ಡು ಕೊಟ್ಟೆ.

ನಮ್ಮ ಸೊಸೈಟಿಯಲ್ಲಿ ಆರು ಕನ್ನಡದ ಮನೆಗಳಿವೆ. ವಿಜಯದಶಮಿಯ ದಿನ ಎಲ್ಲರೂ ಒಂದೇ ಮನೆಯಲ್ಲಿ ಕೂತು ಜಂಬೂಸವಾರಿ ನೋಡುವುದು ರೂಢಿ. ಅಲ್ಲಿ ಅರಮನೆಯಲ್ಲಿ ಏಳು ಫಿರಂಗಿಯಿಂದ ಇಪ್ಪತ್ತೊಂದು ಕುಶಾಲತೋಪು ಹಾರುವಾಗ ಇಲ್ಲಿ ನಮ್ಮದೂ ಒಂದೇ ಒಂದು ಸದ್ದು ಆಗಲಿ ಅಂತ ಆಸೆ. ಗುಂಡು ಬೇಡ, ಬರೀ ಮದ್ದು. ಎಷ್ಟು ಹಾಕಬೇಕು, ಹೇಗೆ ತುಂಬಬೇಕು, ಬತ್ತಿ ಎಲ್ಲಿಡಬೇಕು? ತಿಳಿದವರು ಹೇಳಿ. ನಾಲ್ಕು ಲಕ್ಷ್ಮೀ ಪಟಾಕಿ ಬಿಚ್ಚಿದರೆ ಬರುವ ಪುಡಿ ಸಾಕಾಗುತ್ತದೆ ಅಂತ ನನ್ನ ಅಂದಾಜು.

ಡೊಂಬಿವಲಿ ಭಟ್ಟ (ರಾತ್ರಿ 10.05)
ಪಟಾಕಿ ಬಿಚ್ಚುವುದಾ? ಮಾರಾಯ್ರೆ, ಮೊದಲು ಅದನ್ನು ಕೆಳಗಿಡಿ.
ನಮ್ಮ ಊರಲ್ಲಿ ಜಾತ್ರೆಗೆ ಕದಿನ ಇಡುವ ಕ್ರಮ ಉಂಟು. ಕಬ್ಬಿಣದ ಗಿಡ್ಡ ಕುಳವೆಗಳನ್ನು ಸಾಲಾಗಿ ನಿಲ್ಲಿಸಿ ಒಂದರ ಹಿಂದೆ ಒಂದು ಸಿಡಿಸುವುದು. ಸದ್ದಿಗೆ ಗುಡ್ಡೆಯ ಆಚೆಯ ನಾಯಿಗಳೂ ಬೊಗಳುತ್ತವೆ. ನಾನು ಸಣ್ಣವನಿದ್ದಾಗ ಅದನ್ನು ಇಡುತ್ತಿದ್ದ ಅಜ್ಜನ ಎಡಗೈಯಲ್ಲಿ ಎರಡೇ ಬೆರಳು. ಹೇಗೆ ಹೋಯಿತು ಅಂತ ಕೇಳಿದರೆ ‘ಅವಸರಕ್ಕೆ’ ಅಂತ ಒಂದೇ ಶಬ್ದ ಹೇಳುತ್ತಿದ್ದರು. ಹೊತ್ತದೇ ಹೋದ ಒಂದು ಕದಿನದ ಹತ್ತಿರ ಬಗ್ಗಿ ನೋಡಿದ್ದಂತೆ.

ಗಜಕೋಲು (ರಾತ್ರಿ 11.20)
ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ. ನಾನು ಕೆಲಸದ ಮೇಲೆ ಅಮೆರಿಕದ ವರ್ಜೀನಿಯಾದಲ್ಲಿದ್ದಾಗ, ಅವರ ಅಂತರ್ಯುದ್ಧದ ಕಾಲದ ತೋಪುಗಳನ್ನು ಪ್ರೇಕ್ಷಕರೆದುರು ಹಾರಿಸಿ ತೋರಿಸುವ ತಂಡವೊಂದರಲ್ಲಿ ಮೂರು ಬೇಸಿಗೆ ಸ್ವಯಂಸೇವಕನಾಗಿದ್ದೆ. ಮೊದಲ ಬೇಸಿಗೆಯಿಡೀ ನನ್ನ ಕೈಗೆ ಬಂದದ್ದು ನೀರಿನ ಬಕೆಟ್ಟು ಮಾತ್ರ. ಮೈಸೂರಿನ ಪೊಲೀಸರೂ ದಸರೆಗೆ ಮುಂಚೆ ಮದ್ದಿಲ್ಲದೆ ‘ಒಣ ತಾಲೀಮು’ ಮಾಡುತ್ತಾರಲ್ಲ, ಅದಕ್ಕೂ ಇದೇ ಕಾರಣ. ಕೈಗೆ ಮೊದಲು ಲಯ ಬರಬೇಕು, ಮದ್ದು ಆಮೇಲೆ.

ಪಟಾಕಿ ಪುಡಿಯ ವಿಷಯ ಮೊದಲು. ಸದ್ದಿನ ಪಟಾಕಿಯೊಳಗೆ ಇರುವುದು ಸಾಮಾನ್ಯವಾಗಿ ಅಲ್ಯೂಮಿನಿಯಂ ಸೇರಿದ ಮಿಶ್ರಣ. ಉಜ್ಜಿದರೆ, ತಟ್ಟಿದರೆ ಹೊತ್ತಬಹುದು. ತೋಪಿನ ಕರಿಮದ್ದು, ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿಸಿ ಕಾಳು ಕಟ್ಟಿದ್ದು, ಅದಕ್ಕಿಂತ ನಿಧಾನವಾಗಿ ಉರಿದು ಒತ್ತಡವನ್ನು ತಳ್ಳುತ್ತಾ ಏರಿಸುತ್ತದೆ. ಪಟಾಕಿ ಪುಡಿ ಒಮ್ಮೆಗೇ ಬಡಿಯುತ್ತದೆ. ಅದು ನಳಿಗೆಗೆ ಗುದ್ದು ಕೊಟ್ಟ ಹಾಗೆ. ಈಗಿನ ಬಂದೂಕಿನ ತೋಟಾದಿಂದ ತೆಗೆದ ಹೊಗೆಯಿಲ್ಲದ ಪುಡಿಯಂತೂ ಇಂಥ ತೋಪಿಗೆ ಯಾವ ಕಾಲಕ್ಕೂ ಸಲ್ಲದು. ಕರಿಮದ್ದಿನಲ್ಲೂ ಕಾಳು ನುಣ್ಣಗಾದಷ್ಟೂ ಬೇಗ ಉರಿಯುತ್ತದೆ, ಒತ್ತಡ ಹೆಚ್ಚುತ್ತದೆ. ಅದಕ್ಕೇ ತೋಪಿಗೆ ದಪ್ಪ ಕಾಳಿನದೇ ಬೇಕು.

ನಾವು ತುಂಬುತ್ತಿದ್ದ ಕ್ರಮ ಹೇಳುತ್ತೇನೆ. ಹಿಂದಿನ ಈಡಿನ ಚೂರೇನಾದರೂ ಒಳಗೆ ಉಳಿದಿದ್ದರೆ ತಿರುಪಿನ ಕೊಕ್ಕೆ ಕಟ್ಟಿದ ಕೋಲಿನಿಂದ ಎಳೆದು ತೆಗೆಯಬೇಕು. ಆಮೇಲೆ ಕುರಿಯುಣ್ಣೆ ಸುತ್ತಿದ ಕೋಲನ್ನು ನೀರಿನಲ್ಲಿ ಅದ್ದಿ ತಳದವರೆಗೂ ತಿರುಗಿಸಿ ಒರೆಸಬೇಕು. ಆಮೇಲೆ ಒಣಗಿದ್ದರಿಂದ ಇನ್ನೊಮ್ಮೆ. ಯಾಕಿಷ್ಟು ಅಂದರೆ, ಕರಿಮದ್ದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯ ಕಣವಾಗಿ, ಕಿಟ್ಟವಾಗಿ ಉಳಿಯುತ್ತದೆ. ಆ ಕಿಟ್ಟದಲ್ಲಿ ಒಂದೇ ಒಂದು ಕೆಂಡ ಬದುಕಿದ್ದರೆ ಮುಂದಿನ ಮದ್ದು ಒಳಗೆ ಇಳಿಯುತ್ತಿರುವಾಗಲೇ ಹೊತ್ತುತ್ತದೆ. ತೋಪಿನ ಬಾಯಿಯ ಮುಂದೆ ಕೈ ಇರುವ ಹೊತ್ತು ಅದು. ನೋಡುವವರಿಗೆ ಮೊದಲ ಈಡಿನ ಭಯ, ನಮ್ಮ ಮುಖ್ಯಸ್ಥನಿಗೆ ಯಾವಾಗಲೂ ಎರಡನೆಯದರ ಭಯ.

ಒರೆಸುವಾಗಲೂ ತುಂಬುವಾಗಲೂ ಇನ್ನೊಬ್ಬ ಚರ್ಮದ ಟೊಪ್ಪಿ ಹಾಕಿದ ಹೆಬ್ಬೆರಳಿನಿಂದ ತೋಪಿನ ಕಿವಿ, ಅಂದರೆ ಹಿಂಬದಿಯಲ್ಲಿ ಬೆಂಕಿ ಕೊಡುವ ಸಣ್ಣ ತೂತು, ಮುಚ್ಚಿರಬೇಕು. ಕಿವಿ ತೆರೆದಿದ್ದರೆ ಕೋಲು ಆಡಿಸಿದ ಹಾಗೆಲ್ಲ ಗಾಳಿ ಓಡಾಡಿ ತಿದಿ ಒತ್ತಿದಂತೆ ಕೆಂಡ ಕೆರಳುತ್ತದೆ. ಹೆಬ್ಬೆರಳು ಸುಟ್ಟರೂ ತೆಗೆಯುವಂತಿಲ್ಲ. ತೆಗೆದರೆ ಗಜ, ಅಂದರೆ ಮದ್ದು ಒಳಗೆ ನೂಕುವ ಕೋಲು, ಹಿಡಿದವನು ಅದರಿಂದಲೇ ತಲೆಗೆ ಬಾರಿಸಬಹುದು ಅಂತ ತಂಡದಲ್ಲೊಂದು ತಮಾಷೆ. ನನಗೆ ಅದು ಪೂರ್ತಿ ತಮಾಷೆ ಅಂತ ಯಾವತ್ತೂ ಅನಿಸಲಿಲ್ಲ.

ಮದ್ದನ್ನು ಡಬ್ಬಿಯಿಂದ ನೇರವಾಗಿ ಸುರಿಯುವ ಮಾತೇ ಇಲ್ಲ. ಮನೆಯಲ್ಲೇ ತೂಗಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ಪೊಟ್ಟಣ, ಒಂದು ಸಲಕ್ಕೆ ಒಂದೇ. ಪೆಟ್ಟಿಗೆ ದೂರದಲ್ಲಿ, ಗಾಳಿ ಬರುವ ದಿಕ್ಕಿಗೆ, ಮುಚ್ಚಳ ಹಾಕಿಯೇ ಇರಬೇಕು. ಗಜದಿಂದ ಕುಟ್ಟುವುದಲ್ಲ, ಒಂದೇ ಸಮ ನೂಕುವುದು. ಮೈ ಚಕ್ರದ ಹೊರಗೆ. ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಬೇಕು, ಕೋಲನ್ನು ಮುಷ್ಟಿ ಕಟ್ಟಿ ಹಿಡಿಯಬಾರದು. ಅಕಸ್ಮಾತ್ ಹೊತ್ತಿದರೆ ಕೋಲು ಕೈಯಿಂದ ಜಾರಿ ಹೋಗಲಿ, ಕೈಯನ್ನು ಜೊತೆಗೆ ಕರೆದುಕೊಂಡು ಹೋಗದಿರಲಿ. ಆಮೇಲೆ ಹಿತ್ತಾಳೆಯ ಸೂಜಿಯಿಂದ ಕಿವಿಯ ಮೂಲಕ ಪೊಟ್ಟಣ ಚುಚ್ಚಿ, ಕಿವಿಯಲ್ಲಿ ಹೊತ್ತಿಸುವ ಮದ್ದು, ಅಂದರೆ ರಂಜಕ ಇಟ್ಟು, ಎಲ್ಲರೂ ಪಕ್ಕಕ್ಕೆ. ಹಿಂದೆಯೂ ನಿಲ್ಲಬಾರದು, ತೋಪು ಒದೆಯುತ್ತದೆ. ಸದ್ದಿಗಾಗಿ ಮಾತ್ರ ಹಾರಿಸುವಾಗ ಮೇಲೆ ಹುಲ್ಲು, ಬಟ್ಟೆ, ಮಣ್ಣು ಏನನ್ನೂ ಜಡಿಯಬಾರದು. ಜಡಿದರೆ ಒತ್ತಡವೂ ಏರುತ್ತದೆ, ಆ ಮಣ್ಣೇ ಗುಂಡಾಗುತ್ತದೆ.

ಹೊತ್ತದಿದ್ದರೆ? ಯಾರೂ ಅಲುಗಾಡಬಾರದು. ಕಡಿಮೆಯೆಂದರೆ ಮೂರು ನಿಮಿಷ, ನಾವು ಅದಕ್ಕಿಂತ ಹೆಚ್ಚೇ ಕಾಯುತ್ತಿದ್ದೆವು. ಆಮೇಲೆ ಪಕ್ಕದಿಂದ ಬಂದು ಇನ್ನೊಮ್ಮೆ ರಂಜಕ. ಆಗಲೂ ಆಗದಿದ್ದರೆ ಕಿವಿಯಿಂದ ನೀರು ಹೊಯ್ದು ಮದ್ದನ್ನು ಮುಳುಗಿಸಿ ಕೊಕ್ಕೆಯಿಂದ ತೆಗೆಯುವುದು. ಮಳೆಗಾಲದಲ್ಲಿ ತೇವ ಹಿಡಿದ ಮದ್ದು ಒಳಗೆ ಸುಮ್ಮನೆ ಹೊಗೆಯಾಡುತ್ತಾ ಇದ್ದು, ನೀವು ಬಗ್ಗಿದಾಗ ಹಾರಬಹುದು. ಭಟ್ಟರ ಊರಿನ ಅಜ್ಜ ಹೇಳಿದ್ದು ಅದನ್ನೇ.

ಎಷ್ಟು ಮದ್ದು ಅಂತ ಕೇಳಿದ್ದಿರಿ. ಅದೊಂದನ್ನು ಹೇಳುವುದಿಲ್ಲ. ಅದು ನಳಿಗೆಯನ್ನು ನೋಡಿ ಹೇಳುವ ಮಾತು, ನಿಮ್ಮ ನಳಿಗೆ ಯಾರದೆಂದು ನಿಮಗೇ ಗೊತ್ತಿಲ್ಲ.

ಕೋಥ್ರೂಡ್ ಕನ್ನಡಿಗ (ಮಂಗಳವಾರ, ಬೆಳಿಗ್ಗೆ 7.15)
ಓದಿ ಬೆವತುಹೋದೆ. ಪಟಾಕಿ ವಾಪಸು ಡಬ್ಬಕ್ಕೆ ಹಾಕಿದೆ. ಆದರೆ ಈ ತೋಪು ಗಟ್ಟಿಯಾಗಿಯೇ ಇದೆ ಸಾರ್, ಬಡಿದರೆ ಗಂಟೆಯ ಹಾಗೆ ಸದ್ದು ಬರುತ್ತದೆ.

ಕಾಫಿತೋಟ (ಬೆಳಿಗ್ಗೆ 7.50)
ಬಡಿಯಬೇಡಿ! ಅದು ಖಾಲಿಯಿದೆ ಅಂತ ನೋಡಿದಿರಾ?
ನಾನು ಕೊಡಗಿನವನು, ಈಗ ಖಡ್ಕಿಯಲ್ಲಿದ್ದೇನೆ. ನಮ್ಮಲ್ಲಿ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಹಾಗಾಗಿ ಬಾಯಿಯಿಂದ ಮದ್ದು ತುಂಬುವ ಹಳೇ ಕೇಪಿನ ಕೋವಿಯ ಜೊತೆಗೇ ಬೆಳೆದವರು. ಅಜ್ಜನ ಗಜದ ಮೇಲೆ ಎರಡು ಗೆರೆ ಕೊರೆದಿತ್ತು, ಕೋವಿ ಖಾಲಿಯಿದ್ದರೆ ಗಜ ಒಂದು ಗೆರೆಯವರೆಗೆ ಇಳಿಯುತ್ತದೆ, ತುಂಬಿದ್ದರೆ ಇನ್ನೊಂದು ಗೆರೆಗೇ ನಿಲ್ಲುತ್ತದೆ. ಗೋಡೆಯಿಂದ ಕೋವಿ ಇಳಿಸಿದ ಕೂಡಲೇ ಮೊದಲು ಮಾಡುತ್ತಿದ್ದ ಕೆಲಸ ಅದು.
ಮೆತ್ತಗಿನ ಮರದ ಕಡ್ಡಿಯೊಂದನ್ನು ಪಕ್ಕದಲ್ಲಿ ನಿಂತು ನಿಧಾನವಾಗಿ ಬಾಯಿಯೊಳಗೆ ಬಿಟ್ಟು ಎಷ್ಟು ಇಳಿಯುತ್ತದೆ ನೋಡಿ. ಆಮೇಲೆ ಹೊರಗಿನಿಂದ ಬಾಯಿಯಿಂದ ಕಿವಿಯವರೆಗೆ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಸರಿಹೋಗಬೇಕು.
ನಗಬೇಡಿ. 2013ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನವರು ಹದಿನೆಂಟನೇ ಶತಮಾನದ ಒಂದು ತೋಪಿನ ತುಕ್ಕು ತೆಗೆಯಲು ಹೋದಾಗ ಒಳಗೆ ಗುಂಡೂ ಮದ್ದೂ ಹಾಗೇ ಇದ್ದವು. ಅಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲ.

ಕೋಥ್ರೂಡ್ ಕನ್ನಡಿಗ (ಬೆಳಿಗ್ಗೆ 8.32)
ಹೊರಗೆ ಬಾಯಿಯಿಂದ ಕಿವಿಗೆ 31 ಸೆಂಟಿಮೀಟರ್.
ಕಡ್ಡಿ ಇಳಿದದ್ದು 24.
ಕಿವಿಯೊಳಗೆ ಗುಂಡುಸೂಜಿ ಹಾಕಿ ನೋಡಿದೆ, ಅರ್ಧ ಇಂಚಿಗೆ ನಿಂತಿತು.

ಡೊಂಬಿವಲಿ ಭಟ್ಟ (ಬೆಳಿಗ್ಗೆ 8.34)
ಅಯ್ಯೋ ದೇವರೇ. ಉಕ್ಕಿನ ಸೂಜಿ ಹಾಕಿದಿರಾ? ಕಿಡಿ ಹಾರಿದ್ದರೆ?

ಗಜಕೋಲು (ಬೆಳಿಗ್ಗೆ 8.36)
ಇನ್ನು ಏನೂ ಮಾಡಬೇಡಿ. ಕೆರೆಯಬೇಡಿ, ಎತ್ತಬೇಡಿ, ಬಿಸಿ ತಗುಲಿಸಬೇಡಿ. ಅದು ಇರುವ ಕೋಣೆಯ ಬಾಗಿಲು ಹಾಕಿ, ಮಕ್ಕಳನ್ನು ಹೊರಗೆ ಕರೆದುಕೊಂಡು ಬನ್ನಿ. ಏಳು ಸೆಂಟಿಮೀಟರ್ ಏನೋ ತುಂಬಿದೆ. ಮಣ್ಣಿರಬಹುದು, ಮೇಣವಿರಬಹುದು, ಮದ್ದೂ ಇರಬಹುದು. ಒಣಗಿದ ಕರಿಮದ್ದು ನೂರು ವರ್ಷವಾದರೂ ಸಾಯುವುದಿಲ್ಲ.

ಬಂಡಾಯಗಾರ (ಬೆಳಿಗ್ಗೆ 9.10)
ಇಷ್ಟೆಲ್ಲ ಹೆದರಿಕೆ ಯಾಕೆ? ಬಾಯಿಗೆ ಡ್ರಿಲ್ ಹಾಕಿ ತೆಗೆದರೆ ಐದು ನಿಮಿಷದ ಕೆಲಸ. ನಮ್ಮೂರಿನಲ್ಲಿ ಬಾವಿ ತೋಡುವವರು ಬಂಡೆಯೊಳಗಿನ ಮದ್ದನ್ನೇ ಕೆದಕುತ್ತಾರೆ.

ಕಾಫಿತೋಟ (ಬೆಳಿಗ್ಗೆ 9.14)
ಕೆದಕಿದವರ ಪೈಕಿ ಹೇಳಲು ಉಳಿದವರನ್ನಷ್ಟೇ ನೀವು ಕಂಡಿದ್ದೀರಿ.

ಕರಿಕೋಟು (ಬೆಳಿಗ್ಗೆ 9.45)
ಮುಂಬೈ ಹೈಕೋರ್ಟಿನಲ್ಲಿ ಕೆಲಸ ಮಾಡುತ್ತೇನೆ, ಆದರೂ ಇದು ಸಲಹೆ ಮಾತ್ರ, ಫೀಸಿಲ್ಲ. ಠಾಣೆಗೆ ಫೋನ್ ಮಾಡಿ. ತೋಪನ್ನು ಚೀಲದಲ್ಲಿ ಹಾಕಿಕೊಂಡು ಠಾಣೆಗೆ ಹೋಗಬೇಡಿ, ಅದು ದೊಡ್ಡ ಅವಿವೇಕ. ಅವರೇ ಬರುತ್ತಾರೆ.

ಕೇಸು ಹಾಕಿಬಿಟ್ಟರೆ ಅಂತ ಹೆದರಿಕೆ ಇರಬಹುದು. ಮೂರು ಕಾಯ್ದೆಗಳು ಇಲ್ಲಿ ಸೇರುತ್ತವೆ. ಮದ್ದಿಗೆ 1884ರ ಸ್ಫೋಟಕಗಳ ಕಾಯ್ದೆ. ತೋಪಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರಲ್ಲಿ ರಿಪೇರಿ ಮಾಡಿದರೂ ಹಾರಿಸಲಾಗದ ಹಳೆಯ ಆಯುಧಗಳಿಗೆ ವಿನಾಯಿತಿಯಿದೆ. ನೂರು ವರ್ಷ ದಾಟಿದ ವಸ್ತುವಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಬರುತ್ತದೆ. ಅಲಂಕಾರಕ್ಕೆ ಇಟ್ಟುಕೊಳ್ಳುವುದು ಒಂದು, ಹಾರಿಸುವುದು ಇನ್ನೊಂದು. ಲೈಸೆನ್ಸಿಲ್ಲದೆ ಕರಿಮದ್ದು ತಂದು ಸೊಸೈಟಿಯ ಅಂಗಳದಲ್ಲಿ ಹಾರಿಸಿದರೆ ಜಡ್ಜ್ ಸಾಹೇಬರು ಕುಶಾಲತೋಪಿನ ಕತೆ ಕೇಳುವುದಿಲ್ಲ. ನೀವಾಗಿಯೇ ಮೊದಲು ತಿಳಿಸಿದ್ದು ಮಾತ್ರ ನಿಮ್ಮ ಪರವಾಗಿ ನಿಲ್ಲುತ್ತದೆ.

ಮಡಗಾವಿಗ (ಬೆಳಿಗ್ಗೆ 10.20)
ಗೋವಾದಿಂದ ಒಂದು ಮಾತು. ಇಲ್ಲಿ ಕೋಟೆಗಳ ಮೇಲೆ ಪೋರ್ಚುಗೀಸರ ಕಾಲದ ತೋಪುಗಳು ಬಿಸಿಲಿಗೆ ಬಿದ್ದಿರುತ್ತವೆ. ಪ್ರವಾಸಿಗರು ಮಕ್ಕಳನ್ನು ಮೇಲೆ ಕೂರಿಸಿ ಫೋಟೋ ತೆಗೆಯುತ್ತಾರೆ, ಬಾಯಿಯೊಳಗೆ ಚಿಪ್ಸ್ ಪೊಟ್ಟಣ ತುರುಕುತ್ತಾರೆ. ಬಿಟ್ಟುಹೋಗುವ ಸೈನ್ಯ ಶತ್ರುವಿಗೆ ತೋಪು ಸಿಗಬಾರದು ಅಂತ ಕಿವಿಗೆ ಮೊಳೆ ಹೊಡೆದು ಹೋಗುವುದಿತ್ತು. ನಿಮ್ಮ ಸೂಜಿ ಅರ್ಧ ಇಂಚಿಗೆ ನಿಂತದ್ದು ಹಾಗಿರಬಹುದೇ?

ಧಾರವಾಡದಕಿ (ಮಧ್ಯಾಹ್ನ 1.05)
ಊಟದ ಹೊತ್ತಿನ್ಯಾಗ ಓದಿದೆ, ರೊಟ್ಟಿ ಗಂಟಲಾಗ ನಿಂತೈತಿ. ನಾ ಭೋಸರಿಯ ಫೌಂಡ್ರಿಯೊಳಗ ಹದಿನಾರು ವರ್ಷ ಎರಕದ ತಪಾಸಣಿ ಮಾಡಾಕಿ. ಮದ್ದಿನ ಮಾತು ಗಜಕೋಲು ಅವರು ಹೇಳ್ಯಾರ. ನಾ ಲೋಹದ ಮಾತು ಹೇಳ್ತೀನಿ.

ಕಂಚು ಬ್ಯಾರೆ, ಹಿತ್ತಾಳಿ ಬ್ಯಾರೆ. ಹಿಂದಿನ ತೋಪಿನವರು ತಾಮ್ರಕ್ಕ ತವರ ಕೂಡಿಸಿ ಕಂಚು ಮಾಡ್ತಿದ್ರು, ಸುಮಾರು ಹತ್ತರಾಗ ಒಂದು ಪಾಲು ತವರ. ಅದು ಒಡಿಯೂಕಿಂತ ಮದ್ಲ ಉಬ್ಬತೈತಿ, ಸೂಚನಾ ಕೊಡತೈತಿ. ನಮ್ಮ ವಿಜಾಪುರದ ಮಲಿಕ್-ಎ-ಮೈದಾನ್ ನೋಡೀರಲ್ಲ, 55 ಟನ್ನಿಂದು, 1549ರಾಗ ಅಹಮದನಗರದೊಳಗ ಹೊಯ್ದದ್ದು. ಆ ಅಹಮದನಗರ ಪುಣೆಯಿಂದ ಮೂರು ತಾಸಿನ ಹಾದಿ ಅಷ್ಟ! ಅಂಥಾದ್ದಕ್ಕೂ ಹೊತ್ತಿಸಿದಾಂವ ಪಕ್ಕದ ನೀರಿನ ತೊಟ್ಟಿಗೆ ಜಿಗದು ಕಿವಿ ಉಳಿಸ್ಕೋತಿದ್ದ ಅಂತ ಊರಾಗ ಹೇಳ್ತಾರ. ಮಂದಿ ತೋಪನ್ನ ನಂಬಿದ್ರು, ಆದ್ರ ದೂರದಿಂದ ನಂಬಿದ್ರು.

ಸಂತಿಯೊಳಗ ಸಿಗೂ ಹಿತ್ತಾಳಿ ಆಟಿಕಿ ತೋಪು ಅಂದ್ರ ಸತುವು ಹಾಕಿದ್ದು. ಲೇಥಿಗೆ ಸಸಾರ ಆಗ್ಲಿ ಅಂತ ಸೀಸಾನೂ ಹಾಕಿರ್ತಾರ. ಒಳಗ ಗಾಳಿಗುಳ್ಳಿ, ಕುಗ್ಗಿದ ಪೊಳ್ಳು. ಹೊರಗ ಪಾಲಿಶ್ ಮಾಡಿದ್ರ ಕನ್ನಡಿ ಆಗತೈತಿ, ಬಡದ್ರ ಗಂಟಿ ಬಾರಸತೈತಿ. ಗಂಟಿ ಸದ್ದು ಕೇಳಿ ಗಟ್ಟಿ ಅನ್ನೂದು ಮದುವಿಯೊಳಗ ಹಲ್ಲು ನೋಡಿ ಹೆಣ್ಣಿನ ಗುಣ ಹೇಳಿದಂಗ. ಇನ್ನೊಂದು ಐತಿ: ಒತ್ತಡ ತುಂಬಿಕೊಂಡ ಹಿತ್ತಾಳಿಗೆ ದನ-ಕುದುರಿ ಉಚ್ಚಿಯಿಂದ ಬರೂ ಅಮೋನಿಯಾ ತಾಗಿದ್ರ ತಾನಾಗೇ ಸೀಳತೈತಿ. ಬ್ರಿಟಿಷರ ಕಾಲಕ್ಕ ನಮ್ಮ ದೇಶದಾಗ ಮಳಿಗಾಲದೊಳಗ ಕುದುರಿ ಲಾಯದಾಗ ಇಟ್ಟ ಹಿತ್ತಾಳಿ ತೋಟಾಗಳು ಹಂಗ ಸೀಳಿದ್ವು. ಅದಕ್ಕ ಇಂಗ್ಲಿಷಿನೊಳಗ ‘ಸೀಸನ್ ಕ್ರ್ಯಾಕಿಂಗ್’ ಅಂತ ಹೆಸರು ಬಿತ್ತು. ಆ ತೋಪು ಜುನಾ ಬಾಜಾರಿಗೆ ಬರೂಕಿಂತ ಮದ್ಲ ಯಾವ ಕೊಟ್ಟಿಗಿಯೊಳಗಿತ್ತೋ ಯಾರಿಗೆ ಗೊತ್ತು?

ಹಳಿ ಮಂದಿಯ ಒಂದು ಲೆಕ್ಕ: ಮದ್ದು ಕೂಡೂ ಜಾಗಾದಾಗ ಗೋಡಿ ಕನಿಷ್ಠ ಬಾಯಿಯ ಅಗಲದಷ್ಟರ ದಪ್ಪ ಇರಬೇಕು. ಅಷ್ಟಿದ್ರೂ ಸಾಲೂದಿಲ್ಲ. 1844ರ ಫೆಬ್ರುವರಿ 28ಕ್ಕ ಅಮೆರಿಕದ ಪ್ರಿನ್ಸ್‌ಟನ್ ಹಡಗಿನ ಮ್ಯಾಲ ದೊಡ್ಡ ತೋಪು ಒಡದು ಅವರ ವಿದೇಶಾಂಗ ಮಂತ್ರಿ, ನೌಕಾ ಮಂತ್ರಿ ಇಬ್ಬರೂ ಸತ್ರು. ಅವತ್ತ ಅದಕ್ಕಿಂತ ಮದ್ಲ ಹಾರಿಸಿದಾಗ ಏನೂ ಆಗಿರಲಿಲ್ಲ. ‘ಒಮ್ಮಿ ಹಾರಿಸಿ ನೋಡೂಣು’ ಅನ್ನಾಂವಗ ಇದನ್ನ ಹೇಳ್ರಿ.

ಕೋಥ್ರೂಡ್ ಕನ್ನಡಿಗ (ಮಂಗಳವಾರ, ರಾತ್ರಿ 10.50)
ಫೋನ್ ಮಾಡಿದೆ. ಬಾಂಬ್ ಪತ್ತೆ ದಳದವರು ಬಂದರು, ಜೊತೆಗೆ ಒಂದು ನಾಯಿ. ಇಡೀ ಸೊಸೈಟಿ ಕೆಳಗೆ ನಿಂತಿತ್ತು. ಅಧ್ಯಕ್ಷರು ನನ್ನತ್ತ ನೋಡಿದ ನೋಟ ಇನ್ನೊಂದು ವರ್ಷ ಮರೆಯುವಂತಿಲ್ಲ. ನಾಯಿ ತೋಪನ್ನು ಮೂಸಿ, ಬೇಸರದಿಂದ ನನ್ನ ಚಪ್ಪಲಿ ಮೂಸಲು ಹೋಯಿತು. ಆದರೂ ತೆಗೆದುಕೊಂಡು ಹೋಗಿದ್ದಾರೆ, ಎಕ್ಸ್‌ರೇ ಮಾಡುತ್ತಾರಂತೆ. ಹೆಂಡತಿ ಮಾತು ಬಿಟ್ಟಿದ್ದಾಳೆ. ಮಗ ಮಾತ್ರ ನಾಯಿಯ ಹೆಸರು ಕೇಳಲಿಲ್ಲವಲ್ಲ ಅಂತ ಅಳುತ್ತಿದ್ದಾನೆ.

ಗಜಕೋಲು (ರಾತ್ರಿ 11.02)
ಒಳ್ಳೆಯ ಕೆಲಸ ಮಾಡಿದಿರಿ. ಮಲಗಿ.

ಕೋಥ್ರೂಡ್ ಕನ್ನಡಿಗ (ಶುಕ್ರವಾರ, ಸಂಜೆ 6.30)
ತೋಪು ವಾಪಸು ಬಂತು. ಒಳಗಿದ್ದದ್ದು ಮರಳು. ಮದ್ದೂ ಅಲ್ಲ, ಮೊಳೆಯೂ ಅಲ್ಲ. ಕಿವಿಯನ್ನು ಪೂರ್ತಿ ಕೊರೆದೇ ಇಲ್ಲವಂತೆ, ತೋರಿಕೆಗೆ ಒಂದು ಗುಳಿ ಅಷ್ಟೆ. ಎಕ್ಸ್‌ರೇ ಚಿತ್ರ ತೋರಿಸಿದರು. ಹಿಂಭಾಗದ ಗೋಡೆಯಲ್ಲಿ ಕಪ್ಪು ಚುಕ್ಕೆಗಳು, ದೋಸೆಯ ಮೇಲಿನ ತೂತುಗಳ ಹಾಗೆ.

ಧಾರವಾಡದಕಿ (ಸಂಜೆ 6.48)
ಅದು ಎರಕದ ಮರಳ ಐತಿ, ತಮ್ಮಾ. ಪೊಳ್ಳು ಬರ್ಲಿ ಅಂತ ನಡುವ ಮರಳಿನ ಅಚ್ಚು ಇಟ್ಟು ಹೊಯ್ದಾರ, ಆಮ್ಯಾಲ ಪೂರ್ತಿ ಕೆದರಿ ತಗದಿಲ್ಲ. ಅಂದ್ರ ಅದನ್ನ ಹೊಯ್ದಾಂವಗೂ ಹಾರಸೂ ವಿಚಾರ ಇರ್ಲಿಲ್ಲ. ಆ ಕಪ್ಪು ಚುಕ್ಕಿ ಎಲ್ಲ ಗಾಳಿಗುಳ್ಳಿ. ನೀ ಕಿವಿ ಕೊರದು, ಮರಳು ತಗದು, ಮದ್ದು ತುಂಬಿದ್ದಿ ಅಂದ್ರ ಒಡಿಯೂದು ಅದ ಜಾಗಾದಾಗ.

ಕಾಫಿತೋಟ (ಸಂಜೆ 7.00)
ಪೇಶವೆಯವರ ಕಾಲದ್ದಲ್ಲ ಅಂತಾಯಿತು.

ಕೋಥ್ರೂಡ್ ಕನ್ನಡಿಗ (ಸಂಜೆ 7.04)
ಮಾರಿದವನಿಗೆ ಭಾನುವಾರ ಹೋಗಿ ಹೇಳಬೇಕು. ಡೈನಮೋ ಕೂಡ ನೋಡಬೇಕು.
ತೋಪು ಈಗ ಗೊಂಬೆ ಹಬ್ಬದ ಮೂರನೇ ಮೆಟ್ಟಿಲಲ್ಲಿದೆ, ಪಟ್ಟದ ಗೊಂಬೆಗಳ ಕೆಳಗೆ, ಶೆಟ್ಟಿ ದಂಪತಿಯ ಪಕ್ಕದಲ್ಲಿ. ಹೆಂಡತಿಯೇ ಇಟ್ಟದ್ದು. ಸದ್ದಿನ ಹೊಣೆಯನ್ನು ಮಗ ಹೊತ್ತಿದ್ದಾನೆ, ಇಪ್ಪತ್ತೊಂದು ಸಲ ‘ಢಂ’ ಎನ್ನುವ ತಾಲೀಮು ನಿನ್ನೆಯಿಂದ ಶುರುವಾಗಿದೆ. ಕೆಳಗಿನ ಮನೆಯವರು ಈಗಾಗಲೇ ದೂರು ಕೊಟ್ಟಿದ್ದಾರೆ.

ಡೊಂಬಿವಲಿ ಭಟ್ಟ (ರಾತ್ರಿ 8.15)
ವಿಜಯದಶಮಿಗೆ ನಾನು ಚೆಂಡೆ ತರುತ್ತೇನೆ. ಡೆಕ್ಕನ್ ಕ್ವೀನ್ ರೈಲಿನಲ್ಲಿ ಚೆಂಡೆಗೆ ಜಾಗ ಸಿಕ್ಕರೆ.

ಧಾರವಾಡದಕಿ (ರಾತ್ರಿ 8.40)
ಗಜಕೋಲು ಅವರು ‘ರಂಜಕ ಇಟ್ಟು’ ಅಂತ ಬರದಾಗ ನಂಗ ಮದ್ಲ ನೆನಪಾದದ್ದು ಕೆಂಪು ಮೆಣಸಿನಕಾಯಿ ರಂಜಕ. ನಮ್ಮಲ್ಲಿ ಅದನ್ನ ರೊಟ್ಟಿಗೆ ಹಚ್ಕೋತಾರ. ಒಂದು ಬಾಟ್ಲಿ ತರ್ತೀನಿ.

ಗಜಕೋಲು (ರಾತ್ರಿ 8.44)
ಅದನ್ನೂ ಪಕ್ಕದಲ್ಲಿ ನಿಂತೇ ತೆರೆಯಬೇಕೇನು?

ಧಾರವಾಡದಕಿ (ರಾತ್ರಿ 8.45)
ನೀರಿನ ಬಕೆಟ್ಟು ನೀವ ತರ್ರಿ.